ನನಗೆ ಬೆನ್ನು ಹಾಕಿದ ಪರದೆ

ನನ್ನ ಪಾಲಿಗೆ ಎರಡು ಮಾನಿಟರ್‌ಗಳಿವೆ. ಒಂದು ನನ್ನ ಮೇಜಿನ ಮೇಲೆ ಕೂತು ದಿನವಿಡೀ ನನ್ನ ಮುಖ ನೋಡುತ್ತದೆ. ಇನ್ನೊಂದು ಕಟಿಂಗ್ ಟೇಬಲ್ಲಿನ ಆಚೆ ತುದಿಯಲ್ಲಿ, ಎತ್ತರದ ಸ್ಟೂಲೊಂದರ ಮೇಲೆ, ನನಗೆ ಬೆನ್ನು ಹಾಕಿ ಕೂತಿದೆ. ಅದರ ಪರದೆ ನನಗೆ ಕಾಣುವುದಿಲ್ಲ. ಕಾಣುವುದು ಧೂಳು ಹಿಡಿದ ಕಪ್ಪು ಬೆನ್ನು, ಅಲ್ಲಿಂದ ಇಳಿದು ಟೇಬಲ್ಲಿನ ಕೆಳಗೆ ನುಸುಳಿ ನನ್ನ ಕಾಲ ಹತ್ತಿರ ಬರುವ ಉದ್ದದ ವೈರು, ಮತ್ತು ಆಯುಧಪೂಜೆಯ ದಿನ ಹಚ್ಚಿದ ಕುಂಕುಮದ ಬೊಟ್ಟು. ಬೊಟ್ಟನ್ನು ಹಣೆಗೆ ಇಡುವುದು ಬಿಟ್ಟು ಬೆನ್ನಿಗೆ ಯಾಕೆ ಇಟ್ಟರು ಎಂದು ಕೇಳಬೇಡಿ. ಪೂಜೆ ಮಾಡಿದವಳು ನಾನೇ, ನನಗೆ ಕಂಡ ಕಡೆಗೆ ಇಟ್ಟೆ.

ರಾಯದುರ್ಗದ ನಮ್ಮ ಜೀನ್ಸ್ ಕಾರ್ಖಾನೆಗೆ ಯಾರೇ ಬರಲಿ, ಬಟ್ಟೆ ತರುವವರು, ಪ್ಯಾಂಟು ಒಯ್ಯುವವರು, ಕರೆಂಟಿನವರು, ಎಲ್ಲರೂ ಅದನ್ನು ನೋಡಿ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಕೇಳುತ್ತಾರೆ: “ಯಾಕ್ರೀ ಅಕ್ಕಾರ, ಅದನ್ನ ಉಲ್ಟಾ ಇಟ್ಟೀರಿ?”

ಉಲ್ಟಾ ಇಟ್ಟಿಲ್ಲ. ನೀವು ಅದರ ಹಿಂದೆ ನಿಂತಿದ್ದೀರಿ, ಅಷ್ಟೇ. ನಾನು ಹೀಗೆ ಹೇಳಿದರೆ ಅವರು ನಕ್ಕು ಹೋಗುತ್ತಾರೆ. ನಗಲಿ. ಆ ಪರದೆಯನ್ನು ನನ್ನ ಕಡೆ ತಿರುಗಿಸುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದ ಒಬ್ಬನೂ ಈಗ ಸುಮ್ಮನಾಗಿದ್ದಾನೆ. ಆ ಕಥೆಯನ್ನೇ ಹೇಳಲು ಕೂತಿದ್ದೇನೆ, ಆದರೆ ನಾನು ನೆಟ್ಟಗೆ ಹೇಳುವವಳಲ್ಲ, ನಡುವೆ ಎಲ್ಲೆಲ್ಲಿಗೋ ಹೋಗಿ ಬರುತ್ತೇನೆ. ನಿಮಗೆ ಅವಸರವಿದ್ದರೆ ಎದ್ದು ಹೋಗಬಹುದು.

ನಾನು ಗೌರಮ್ಮ. ಮಡಕಶಿರದ ಟೈಲರೊಬ್ಬರ ಮಗಳಾಗಿ ಹುಟ್ಟಿ ರಾಯದುರ್ಗದ ಟೈಲರೊಬ್ಬರ ಸೊಸೆಯಾಗಿ ಬಂದವಳು. ಬಟ್ಟೆಯ ಚೂರು ಕಾಲಿಗೆ ಸಿಕ್ಕದ ನೆಲದ ಮೇಲೆ ನಾನು ನಡೆದದ್ದೇ ಕಡಿಮೆ. ಕಾರ್ಖಾನೆಯಲ್ಲಿ ನನ್ನದು ಮಾರ್ಕರ್ ಹಾಕುವ ಕೆಲಸ. ಬಟ್ಟೆಯ ಪನ್ನದೊಳಗೆ, ಅಂದರೆ ಅಗಲದೊಳಗೆ, ಪ್ಯಾಂಟಿನ ಮುಂಭಾಗ, ಹಿಂಭಾಗ, ಜೇಬು, ಸೊಂಟದ ಪಟ್ಟಿ ಎಲ್ಲವನ್ನೂ ವ್ಯರ್ಥವಾಗದಂತೆ ಹೊಂದಿಸಿ ಇಡುವ ನಕ್ಷೆಗೆ ಮಾರ್ಕರ್ ಎನ್ನುತ್ತಾರೆ. ಮೊದಲು ರಟ್ಟಿನ ಅಚ್ಚುಗಳನ್ನು ಬಟ್ಟೆಯ ಮೇಲೇ ಇಟ್ಟು ಸೀಮೆಸುಣ್ಣದಲ್ಲಿ ಗೀಚುತ್ತಿದ್ದೆ. ಈಗ ಕಂಪ್ಯೂಟರಿನಲ್ಲಿ ಮಾಡುತ್ತೇನೆ. ನಕ್ಷೆ ಆದಮೇಲೆ ಉದ್ದ ಟೇಬಲ್ಲಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಬೇಕು. ಅದಕ್ಕೆ ಇಬ್ಬರು ಬೇಕು, ಈ ತುದಿಗೊಬ್ಬರು, ಆ ತುದಿಗೊಬ್ಬರು. ಈ ತುದಿ ನನ್ನದು.

ಎರಡನೆಯ ಮಾನಿಟರನ್ನು ತಂದವನು ಪ್ರಶಾಂತ, ನಮ್ಮ ಹಳೆಯ ಸಾವುಕಾರರ ಮಗ. ಒಳ್ಳೆಯ ಹುಡುಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ನನಗೆ ಮನಸ್ಸಾಗದೇ ಹೋಗಬಹುದು. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಕಾರ್ಖಾನೆ ಅವನ ಕೈಗೆ ಬಂತು. ಅವನಿಗೆ ಫೋನಿನಲ್ಲಿ ವಿಡಿಯೋ ನೋಡುವ ಚಟ. ಸಿನಿಮಾ ಹಾಡು ನೋಡಿದರೆ ನಮಗೇನೂ ತೊಂದರೆ ಇರಲಿಲ್ಲ. ಇವನು ನೋಡುವುದು ಕೆಲಸ ಹೆಚ್ಚಿಸುವುದು ಹೇಗೆ ಎಂಬ ವಿಡಿಯೋಗಳನ್ನು. ಒಂದು ವಿಡಿಯೋ ನೋಡಿ ಗೋಡೆಗೆಲ್ಲ ಹಸಿರು ಬಣ್ಣ ಬಳಿಸಿದ. ಇನ್ನೊಂದು ನೋಡಿ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಮೀಟಿಂಗ್ ಮಾಡಿದ. ಇಡೀ ದಿನ ನಿಂತು ಬಟ್ಟೆ ಹಾಸುವವರಿಗೆ ನಿಂತು ಮೀಟಿಂಗ್ ಬೇರೆ. ಮೂರನೆಯ ವಿಡಿಯೋದ ಫಲವಾಗಿ ನನ್ನ ಮೇಜಿನ ಮೇಲೆ ಎರಡನೆಯ ಪರದೆ ಬಂದು ಕೂತಿತು.

“ಅಕ್ಕಾರ, ಎರಡು ಸ್ಕ್ರೀನ್ ಇದ್ರ ಪ್ರೊಡಕ್ಟಿವಿಟಿ ಡಬಲ್ ಆಗತೈತ್ರಿ,” ಎಂದ.

“ಕಣ್ಣು ಎರಡೇ ಐತಲ್ಲಪ್ಪ ನಂಗೆ,” ಎಂದೆ.

“ಕಣ್ಣು ಎರಡು, ಸ್ಕ್ರೀನ್ ಎರಡು. ಲೆಕ್ಕ ಸರಿ ಆತಲ್ರಿ,” ಎಂದು ನಕ್ಕ. ಮಾತಿಗೆ ಚುರುಕು, ಅದನ್ನು ಅಲ್ಲಗಳೆಯುವುದಿಲ್ಲ.

ಆ ಮೊದಲ ದಿನಗಳ ನನ್ನ ಪಾಡನ್ನು ನೀವು ನೋಡಬೇಕಿತ್ತು. ಮೌಸಿನ ಬಾಣ ಒಂದು ಪರದೆಯ ಅಂಚಿಗೆ ಹೋಗಿ ಮಾಯವಾಗುತ್ತಿತ್ತು. ಇನ್ನೊಂದರಲ್ಲಿ ಹುಡುಕಿದರೆ ಅಲ್ಲೂ ಇಲ್ಲ. ಸಂಜೆ ಗೂಡಿಗೆ ಬಾರದ ಕೋಳಿಮರಿಯನ್ನು ಹುಡುಕುವವಳಂತೆ ನಾನು ಮೌಸನ್ನು ಮೇಜಿನ ತುಂಬ ಓಡಿಸುತ್ತಿದ್ದೆ. ಎಡಗಡೆಯ ಪರದೆಯಲ್ಲಿ ಮಾರ್ಕರ್, ಬಲಗಡೆಯದರಲ್ಲಿ ಬಳ್ಳಾರಿಯ ಅಂಗಡಿಗಳಿಂದ ಬರುವ ಆರ್ಡರ್ ಮೆಸೇಜುಗಳು. ಅವು ಟಿಣ್ ಟಿಣ್ ಎಂದಾಗಲೆಲ್ಲ ಕತ್ತು ಬಲಕ್ಕೆ ತಿರುಗುವುದು, ಇತ್ತ ಬಂದರೆ ಯಾವ ಜೇಬನ್ನು ಎಲ್ಲಿಡಲು ಹೊರಟಿದ್ದೆ ಎನ್ನುವುದೇ ಮರೆತಿರುವುದು. ರಾತ್ರಿ ಮನೆಯಲ್ಲಿ ಕತ್ತಿಗೆ ನೋವಿನೆಣ್ಣೆ ತಿಕ್ಕುತ್ತಾ ನಮ್ಮ ಯಜಮಾನರು ಕೇಳಿದರು, “ಎಷ್ಟು ಡಬಲ್ ಆತು?” ನೋವು ಡಬಲ್ ಆಗಿತ್ತು.

ನಮಗೆ ಎರಡು ಪರದೆ ಎಂಬುದು ಹೊಸದೇನಲ್ಲ ನೋಡಿ. ಹುಟ್ಟಿದಾಗಿನಿಂದ ನಮ್ಮ ತಲೆಯೊಳಗೆ ಎರಡೆರಡು ಉರಿಯುತ್ತಲೇ ಇವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಬೈಯುವುದು ಕನ್ನಡದಲ್ಲಿ, ಚೌಕಾಸಿ ತೆಲುಗಿನಲ್ಲಿ. ಮಡಕಶಿರದಿಂದ ರಾಯದುರ್ಗಕ್ಕೆ ಪಾವಗಡದ ಮೇಲೆ ಹೊರಟು ಬಸ್ಸಿನಲ್ಲಿ ಒಂದು ನಿದ್ದೆ ತೆಗೆದರೆ ನಡುವೆ ಕರ್ನಾಟಕ ಬಂದು ಹೋಗಿರುತ್ತದೆ. ಹೊರಟದ್ದೂ ಆಂಧ್ರ, ಇಳಿದದ್ದೂ ಆಂಧ್ರ. ರಾಯದುರ್ಗದಲ್ಲಿ ಇಳಿದರೆ ಅಲ್ಲಿ ಕನ್ನಡವೇ ಬೇರೆ. ಇಷ್ಟು ವರ್ಷವಾದರೂ ನಾನು ‘ಐತೆ’ ಎಂದರೆ ಇಲ್ಲಿಯವರು ‘ಐತಿ’ ಎಂದು ತಿದ್ದುತ್ತಾರೆ. ತಿದ್ದಲಿ, ನಾನು ‘ಐತೆ’ ಬಿಟ್ಟಿಲ್ಲ.

ಪಾವಗಡ ಎಂದಾಗ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಒಮ್ಮೆ ತವರಿಗೆ ಹೋಗುವಾಗ ಅಲ್ಲಿಯ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಪಕ್ಕದಲ್ಲೊಬ್ಬ ಅಜ್ಜಿ ಎದ್ದು ತನ್ನ ಹೊದಿಕೆಯನ್ನು ಕೊಡವಿದಳು. ನಾನು ಏನೂ ಯೋಚಿಸದೆ ಎದ್ದುಹೋಗಿ ಅದರ ಇನ್ನೊಂದು ತುದಿ ಹಿಡಿದುಕೊಂಡು ನಿಂತೆ. ಅಜ್ಜಿ ಎಳೆದಳು, ಮಡಿಸುವುದಕ್ಕೆ ಬಿಗಿ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ಎಳೆದೆ. “ಬಿಡಮ್ಮೋ, ಇದು ನಂದು ಕಣಮ್ಮೋ,” ಎಂದು ಅವಳು ಕೂಗಿದಾಗಲೇ ನನಗೆ ಗೊತ್ತಾದದ್ದು, ಅವಳು ನನ್ನನ್ನು ಕಳ್ಳಿ ಎಂದುಕೊಂಡಿದ್ದಾಳೆಂದು. ಸುತ್ತ ಜನ ಸೇರಿದರು. ನಾನು ಮಡಿಸಲು ಬಂದವಳು ಎಂದರೆ ಯಾರು ನಂಬುತ್ತಾರೆ? ಬಸ್ಸು ಬಂದದ್ದರಿಂದ ಬದುಕಿದೆ.

ಈ ಚಾಳಿ ಅಪ್ಪನ ಅಂಗಡಿಯಲ್ಲಿ ಅಂಟಿದ್ದು. ಮಡಕಶಿರದಲ್ಲಿ ಅಪ್ಪನ ಅಂಗಡಿ ಎಷ್ಟು ಕಿರಿದೆಂದರೆ ಗಿರಾಕಿ ಒಳಗೆ ಬಂದರೆ ಅಪ್ಪ ಮಷಿನ್ನಿನ ಮೇಲೆ ಬಾಗಬೇಕಿತ್ತು. ಹಬ್ಬದ ಮುಂಚೆ ಗುಡಿಬಂಡೆಯ ಕಡೆಯಿಂದ ಆಟೋಗಳಲ್ಲಿ ಜನ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದರು. ಉದ್ದದ ಬಟ್ಟೆ ಬಂದರೆ ಅಂಗಡಿಯ ಮುಂದಿನ ಜಗಲಿಯ ಮೇಲೆ ಚಾಪೆ ಹಾಸಿ ಅದನ್ನು ಹರಡಬೇಕು. ಆಗ ಅಪ್ಪನ ಕೂಗು ಬರುತ್ತಿತ್ತು, “ಅಮ್ಮಣ್ಣಿ, ಬಾರವ್ವ, ಆ ತುದಿ ಇಡ್ಕ.” ನಾನು ಪುಸ್ತಕ ಎಸೆದು ಓಡುತ್ತಿದ್ದೆ. ಬಟ್ಟೆ ಹಿಡಿಯುವ ಭಕ್ತಿ ಅಂತಲ್ಲ, ಪುಸ್ತಕ ಬಿಡಲು ಅದೊಂದು ನೆಪ.

“ಅಂಗ್ಯಾಕೆ ಎಳೀತೀಯ? ಬಟ್ಟೆ ಏನು ದನನಾ?” ಎಂದು ಅಪ್ಪ ಬೈಯುತ್ತಿದ್ದ. “ನಿನ್ನ ಬಟ್ಟೆ ಕಡೆ ನೋಡ್ಬೇಡ. ನನ್ನ ಮೊಕ ನೋಡು. ನಾನು ಎಲ್ಲಿ ನೋಡ್ತೀನೋ ಅಲ್ಲಿ ನೀನೂ ನೋಡು.”

ಬಟ್ಟೆಯ ಎರಡು ತುದಿಯಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಬೇಕು. ಇದು ನಮ್ಮ ಮನೆಯ ಮೊದಲ ಪಾಠ, ಅಆಇಈಗಿಂತ ಮುಂಚಿನದು.

ಅಮ್ಮನದು ಇದೇ ಪಾಠದ ಇನ್ನೊಂದು ಅಧ್ಯಾಯ. ಗಂಜಿ ಹಾಕಿ ಒಣಗಿಸಿದ ಸೀರೆಯನ್ನು ಒಬ್ಬಳೇ ಮಡಿಸಿದರೆ ಅದು ಮಡಿಕೆಯಲ್ಲ, ಗಂಟು. ಪಕ್ಕದ ಮನೆಯ ಲಕ್ಷ್ಮಮ್ಮ ಆ ತುದಿ ಹಿಡಿಯುತ್ತಿದ್ದಳು, ಅಮ್ಮ ಈ ತುದಿ. ಇಬ್ಬರೂ ಹಿಂದಕ್ಕೆ ವಾಲಿ ಎಳೆದು, ಫಟ್ ಎಂದು ಕೊಡವಿ, ಮಡಿಸಿಕೊಂಡು ಒಬ್ಬರತ್ತ ಒಬ್ಬರು ನಡೆದು ಬರುವರು. ಕೈಯಿಂದ ಕೈಗೆ ತುದಿ ದಾಟುವುದು. ಮತ್ತೆ ಹಿಂದಕ್ಕೆ. ಊರಿನ ಸುದ್ದಿಯೆಲ್ಲ ಆ ಓಡಾಟದಲ್ಲೇ ಮುಗಿಯುತ್ತಿತ್ತು. ಸೀರೆ ಉದ್ದವಿದ್ದಷ್ಟೂ ಸುದ್ದಿ ಉದ್ದ.

ಒಂದು ಸಲ ಲಕ್ಷ್ಮಮ್ಮನ ಕೋಳಿ ನಮ್ಮ ಹಿತ್ತಲಲ್ಲಿ ಮೊಟ್ಟೆ ಇಟ್ಟ ವಿಷಯಕ್ಕೆ ಇಬ್ಬರಿಗೂ ಮಾತು ಬಿಟ್ಟಿತು. ಮೊಟ್ಟೆಯನ್ನು ತಿಂದವಳು ನಾನು, ಅದು ಬೇರೆ ವಿಷಯ. ಮಾತು ಬಿಟ್ಟರೂ ಸೀರೆ ಮಡಿಸುವುದು ಬಿಡಲಿಲ್ಲ. ಅಮ್ಮ ಒಣಗಿದ ಸೀರೆ ಹಿಡಿದು ಜಗಲಿಯ ಮೇಲೆ ಆಕಾಶ ನೋಡುತ್ತಾ ನಿಲ್ಲುವಳು. ಲಕ್ಷ್ಮಮ್ಮ ಬಂದು ತುದಿ ಹಿಡಿಯುವಳು. ಒಂದೇ ಒಂದು ಮಾತಿಲ್ಲ. ಕೊಡವುವ ಸದ್ದು ಮಾತ್ರ ಎಂದಿಗಿಂತ ಜೋರು. ಹಾಗೆ ಎಷ್ಟೋ ದಿನ ನಡೆದು, ಒಂದು ದಿನ ಕೈಗೆ ಕೈ ಬಂದಾಗ ಲಕ್ಷ್ಮಮ್ಮ ಸೆರಗು ನೋಡಿ, “ಇಲ್ಲಿ ಅರಿದೈತಲ್ಲೇ, ನಾನು ಒಲ್ಕೊಡ್ಲಾ?” ಎಂದಳು. ಟೈಲರ್ ಹೆಂಡತಿಯ ಸೀರೆ ಹೊಲಿದುಕೊಡುತ್ತಾಳಂತೆ. ಅಮ್ಮ ನಕ್ಕುಬಿಟ್ಟಳು. ನನಗೆ ಆಮೇಲೆ ಮೊಟ್ಟೆ ಸಿಗಲಿಲ್ಲ.

ಇನ್ನು ಟೇಬಲ್ಲಿನ ಆಚೆ ತುದಿಗೆ ಬರುತ್ತೇನೆ. ಆ ತುದಿ ನಾಗಕ್ಕನದು. ಕಣೇಕಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ನನಗಿಂತ ಹಿರಿಯಳು, ನನಗಿಂತ ಮುಂಚೆ ಬಂದವಳು. ನಾನು ಇಲ್ಲಿ ಹೊಸಬಳಾಗಿ ಸೇರಿದಾಗ ನನ್ನ ‘ಐತೆ’ಗೆ ನಗದೇ ಇದ್ದವಳು ಅವಳೊಬ್ಬಳೇ. ನನಗೆ ಅವಳೆಂದರೆ ಪ್ರಾಣ. ಇದನ್ನು ಅವಳ ಎದುರಿಗೆ ಹೇಳಿದರೆ ಕತ್ತರಿ ಎತ್ತಿಕೊಂಡು ಬರುತ್ತಾಳೆ, ಆದ್ದರಿಂದ ಇಲ್ಲಿ ಬರೆದಿಡುತ್ತೇನೆ.

ವರ್ಷಗಟ್ಟಲೆ ಮಷಿನ್ನುಗಳ ಸದ್ದಿನಲ್ಲಿ ನಿಂತು ನಾಗಕ್ಕನ ಕಿವಿ ಮಂದವಾಗಿದೆ. ಅವಳು ಅದನ್ನು ಯಾರಿಗೂ ಹೇಳಿಲ್ಲ. ಏನು ಹೇಳಿದರೂ ತಲೆಯಾಡಿಸುತ್ತಾಳೆ. ಎಲ್ಲರೂ ನಕ್ಕಾಗ ಅವಳೂ ನಗುತ್ತಾಳೆ, ಚೂರು ತಡವಾಗಿ. ಆದರೂ ಕೆಲಸ ನಡೆಯುತ್ತಿತ್ತು, ಯಾಕೆಂದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಟ್ಟೆ ಹಾಸುವವರು. ಎರಡನೆಯ ಪರದೆ ಬಂದಮೇಲೆ ನನ್ನ ಮುಖ ಟಿಣ್ ಟಿಣ್ ಕಡೆಗೆ ತಿರುಗಿತು. ನಾಗಕ್ಕನಿಗೆ ನೋಡಲು ನನ್ನ ಕಿವಿ ಉಳಿಯಿತು.

ಆಗ ನಡೆದದ್ದು ಎಡಗಾಲಿನ ಅವಾಂತರ. ಜೀನ್ಸ್ ಬಟ್ಟೆಗೆ ಒಂದು ಕಡೆ ಗಾಢ ಬಣ್ಣ, ಅದು ಮುಖ. ಇನ್ನೊಂದು ಕಡೆ ಪೇಲವ, ಅದು ಬೆನ್ನು. ಸಾಮಾನ್ಯವಾಗಿ ಎಲ್ಲ ಪದರವೂ ಮುಖ ಮೇಲೆ ಮಾಡಿ ಹಾಸುತ್ತೇವೆ. ಕೆಲವು ಸಲ ನಕ್ಷೆಯಲ್ಲಿ ಒಂದೇ ಕಾಲು ಇಟ್ಟಿರುತ್ತೇನೆ. ಆಗ ಒಂದು ಪದರ ಮುಖ ಮೇಲೆ, ಮರುಪದರ ಮುಖ ಕೆಳಗೆ ಹಾಸಬೇಕು. ಒಟ್ಟಿಗೆ ಕತ್ತರಿಸಿದಾಗ ಒಂದು ಎಡಗಾಲು, ಒಂದು ಬಲಗಾಲು ಜೋಡಿಯಾಗಿ ಬರುತ್ತದೆ. ಆ ದಿನ ಇಂಥದೊಂದು ಲಾಟ್ ಬಂತು. ನಾನು ಮೆಸೇಜ್ ನೋಡುತ್ತಲೇ, “ನಾಗಕ್ಕಾ, ಈ ಸಲ ಮೊಕಕ್ಕೆ ಮೊಕ,” ಎಂದು ಕೂಗಿದೆ. ಅವಳು ತಲೆಯಾಡಿಸಿದಳಂತೆ. ಎಂದಿನಂತೆ ಎಲ್ಲವನ್ನೂ ಮುಖ ಮೇಲೆ ಮಾಡಿ ಹಾಸುತ್ತಾ ಹೋದಳು, ಈ ತುದಿಯಲ್ಲಿ ನಾನೂ ಕೈ ಬಟ್ಟೆಯ ಮೇಲೆ, ಕಣ್ಣು ಪರದೆಯ ಮೇಲೆ ಇಟ್ಟುಕೊಂಡು ಹಾಸಿದೆ. ಮಧ್ಯಾಹ್ನ ಕಟಿಂಗ್ ಮಾಸ್ಟರ್ ಬಂದು ಕತ್ತರಿಸಿ ಮುಗಿಸಿದ. ಹೊಲಿಯುವವರು ತುಂಡು ಜೋಡಿಸಲು ಹೋದರೆ, ಎಲ್ಲವೂ ಎಡಗಾಲು. ಟೇಬಲ್ಲಿನ ತುಂಬ, ರಾಶಿ ರಾಶಿ, ಬರೀ ಎಡಗಾಲು.

ಹೊಲಿಯುವ ಹುಡುಗಿಯರು ನಕ್ಕರು. ನಾಗಕ್ಕನೂ ತಡವಾಗಿ ನಕ್ಕಳು. ಆಮೇಲೆ ಟೇಬಲ್ ನೋಡಿ ಅವಳ ಮುಖ ಬಿದ್ದುಹೋಯಿತು.

ಪ್ರಶಾಂತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ, “ಅಕ್ಕಾರ, ನಾಗಕ್ಕಗ ಕಿವಿ ಕೇಳಂಗಿಲ್ಲ. ಸೋಮವಾರದಿಂದ ಹಿಂದಿನ ಖೋಲ್ಯಾಗ ದಾರ ಕತ್ತರಿಸಾಕ ಕುಂದ್ರಲಿ. ಕುಂತು ಮಾಡೋ ಕೆಲಸ, ಆರಾಮ ಇರತೈತಿ.”

ಹಿಂದಿನ ಕೋಣೆ ಗೊತ್ತಿಲ್ಲದವರಿಗೆ ಇದು ಒಳ್ಳೆಯ ಮಾತಿನಂತೆ ಕೇಳುತ್ತದೆ. ಅಲ್ಲಿ ಬೆಳಕು ಬರುವುದು ಒಂದೇ ಕಿಟಕಿಯಿಂದ. ದಾರ ಕಾಣಬೇಕೆಂದರೆ ಎಲ್ಲರೂ ಆ ಗೋಡೆಯ ಕಡೆಗೆ ಮುಖ ಮಾಡಿ ಸಾಲಾಗಿ ಕೂರಬೇಕು. ಹೊಲಿದ ಪ್ಯಾಂಟುಗಳ ರಾಶಿ ಪಕ್ಕದಲ್ಲಿ. ಹೊಲಿಗೆಯ ಬಾಲದಂತೆ ಉಳಿದ ದಾರಗಳನ್ನು ಕತ್ತರಿಸುತ್ತಾ ಕೂತರೆ ಇಡೀ ದಿನ ಯಾರ ಮುಖವೂ ಕಾಣುವುದಿಲ್ಲ. ಕಿವಿ ಕೇಳದವಳಿಗೆ ಮುಖವೂ ಕಾಣದಿದ್ದರೆ ಉಳಿಯುವುದೇನು? ನಾಗಕ್ಕನಿಗೆ ಸುದ್ದಿ ಮುಟ್ಟಿದಾಗ ಅವಳು ಹೇಳಿದ್ದು ಇಷ್ಟೇ, “ಟೇಬಲ್ ಬಿಡಾಕ ನನಗ ಆಗಂಗಿಲ್ಲ ಗೌರಮ್ಮಾ. ಅಲ್ಲಿ ಕುಂದ್ರೋದಕ್ಕಿಂತ ಮನ್ಯಾಗ ಇರತೀನಿ.”

ನನಗೆ ರೇಗಿತು. ಯಾರ ಮೇಲೆ ಎಂದು ಹೇಳುವುದು ಕಷ್ಟ. ಪ್ರಶಾಂತನ ಮೇಲೆ, ಆ ವಿಡಿಯೋ ಮಾಡಿದವರ ಮೇಲೆ, ಟಿಣ್ ಟಿಣ್ ಮೇಲೆ. ಪ್ರಶಾಂತ ಮರುದಿನ ಬಳ್ಳಾರಿಗೆ ಹೋದ, ಶನಿವಾರ ಬರುತ್ತೇನೆಂದು. ಅವನ ಬೈಕು ಗೇಟು ದಾಟುತ್ತಿದ್ದಂತೆ ನಾನು ಎರಡನೆಯ ಮಾನಿಟರಿನ ಪ್ಲಗ್ಗು ಕಿತ್ತೆ.

ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಿಂದ ಉದ್ದದ ವೈರು ತರಿಸಿದೆ. ಮಾನಿಟರನ್ನು ಎತ್ತಿಕೊಂಡು ಹೋಗಿ ಆಚೆ ತುದಿಯಲ್ಲಿ ಸ್ಟೂಲಿನ ಮೇಲೆ, ನಾಗಕ್ಕನಿಗೆ ಮುಖ ಮಾಡಿ ಕೂರಿಸಿದೆ. ಒಂದರಲ್ಲಿ ಕಾಣುವುದೇ ಇನ್ನೊಂದರಲ್ಲೂ ಕಾಣುವ ಹಾಗೆ ಮಾಡುವ ಉಪಾಯವೊಂದಿದೆ. ಅದನ್ನು ನಾನು ಕಲಿತದ್ದಲ್ಲ. ಕಳೆದುಹೋದ ಬಾಣ ಹುಡುಕುವ ಭರದಲ್ಲಿ ಒಮ್ಮೆ ಯಾವುದೋ ಕೀಲಿ ಒತ್ತಿ ಹಾಗಾಗಿತ್ತು. ಮತ್ತೆ ಅದನ್ನೇ ಒತ್ತಿದೆ. ನನ್ನ ಮಾರ್ಕರ್ ನಾಗಕ್ಕನ ಮುಂದೆ ಮೂಡಿತು. ನಾನು ಮೌಸ್ ಅಲುಗಿಸಿದೆ.

ನಾಗಕ್ಕ ಹಿಂದೆ ಸರಿದಳು. “ಇದೇನ ಗೌರಮ್ಮಾ, ಇಲಿ ಓಡಾಡಿದಂಗ ಓಡಾಡತೈತಿ?”

ಅದು ನಾನೇ ಎಂದು ಕೈಸನ್ನೆ ಮಾಡಿದೆ. ಬಾಣವನ್ನು ಜೇಬಿನ ಸುತ್ತ ತಿರುಗಿಸಿದೆ, ಅವಳು ಬೆರಳಿಂದ ಪರದೆಯ ಮೇಲೆ ಅದೇ ಜೇಬನ್ನು ಮುಟ್ಟಿದಳು. ಅಲ್ಲಿಂದ ಶುರು. ದಿನ ಮುಗಿಯುವಷ್ಟರಲ್ಲಿ ನಮ್ಮಿಬ್ಬರಿಗೂ ಮೂರನೆಯದೊಂದು ಭಾಷೆ ಹುಟ್ಟಿತ್ತು. ಬಾಣ ಮೇಲಕ್ಕೆ ಹೋದರೆ ಮುಖ ಮೇಲೆ. ಕೆಳಕ್ಕೆ ಇಳಿದರೆ ಮುಖ ಕೆಳಗೆ. ಗಡಗಡ ನಡುಗಿದರೆ ನಿಲ್ಲಿಸು ಎಂದು. ಮೂಲೆಯಲ್ಲಿ ಸುತ್ತು ಹೊಡೆದರೆ ಟೀ ಬಂದಿದೆ ಎಂದು. ಆಚೆಯಿಂದ ಅವಳ ಉತ್ತರ ಕೈಯಲ್ಲಿ ಬರುತ್ತಿತ್ತು. ಮಾನಿಟರಿನ ಬೆನ್ನಿನ ಮೇಲೆ ಅವಳ ಬಳೆ ಕೈ ಎದ್ದರೆ ಸರಿ ಎಂದು ಅರ್ಥ. ಟೀ ಸುತ್ತಿಗೆ ಎರಡೂ ಕೈ ಏಳುತ್ತಿದ್ದವು.

ಕೆಲಸ ಹೆಚ್ಚಾಯಿತೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಅದನ್ನೇ ಕೇಳುತ್ತಾರೆ. ನಾನು ಹೇಳುವುದಿಲ್ಲ. ಹೆಚ್ಚಾಯಿತು ಎಂದರೆ, ಹೆಚ್ಚಾದ್ದರಿಂದ ನಾಗಕ್ಕ ಉಳಿಯಬಹುದು ಎಂದಾಗುತ್ತದೆ. ನಾಳೆ ಕಡಿಮೆಯಾದರೆ? ಮನುಷ್ಯರನ್ನು ಟೇಬಲ್ಲಿನ ಹತ್ತಿರ ಉಳಿಸಿಕೊಳ್ಳಲು ಆ ಒಂದೇ ತಕ್ಕಡಿ ಇದೆಯೆಂದು ನಾನು ಒಪ್ಪುವುದಿಲ್ಲ.

ಶನಿವಾರ ಪ್ರಶಾಂತ ಬಂದ. ನಿಂತು ನೋಡಿದ. ಹಣೆ ಗಂಟಾಯಿತು.

“ಅಕ್ಕಾರ, ಇದು ನಿಮ್ಮ ಸಲುವಾಗಿ ತಂದದ್ರಿ.”

“ನನ್ನದೇ ಅಂದ್ಮೇಲೆ ನನಗೆ ಬೇಕಾದ ಕಡೆ ಇಟ್ಟಿವ್ನಿ.”

“ಹಂಗಲ್ರಿ. ಎರಡೂ ಒಬ್ಬರ ಮುಂದ ಇರಬೇಕು. ನಾ ನೋಡಿದ ಎಲ್ಲಾ ಆಫೀಸಿನ್ಯಾಗೂ ಹಂಗ ಐತಿ. ಒಂದ ಚಿತ್ರ ಎರಡು ಕಡಿ ತೋರಿಸಿದ್ರ ಒಂದು ಸ್ಕ್ರೀನ್ ವೇಸ್ಟ್ ಆತಲ್ರಿ?”

“ಆ ಆಫೀಸ್‌ನೋರು ಬಟ್ಟೆ ಆಸ್ತಾರಾ?”

ಅವನು ವೈರು ಸುತ್ತಿ, ಮಾನಿಟರನ್ನು ಎತ್ತಿ ತನ್ನ ಕೋಣೆಗೆ ಒಯ್ದ. ಹೋಗುವಾಗ, “ನಾಗಕ್ಕನ ವಿಷಯ ಸೋಮವಾರ, ನಾ ಹೇಳಿದಂಗ,” ಎಂದ. ನಾಗಕ್ಕನಿಗೆ ಮಾತು ಕೇಳಿಸಲಿಲ್ಲ, ಆದರೆ ಎದುರಿನ ಸ್ಟೂಲು ಖಾಲಿಯಾದದ್ದು ಕಾಣಿಸಿತು. ಅವಳು ಸೆರಗಿನಿಂದ ಸ್ಟೂಲು ಒರೆಸಿ ಪಕ್ಕಕ್ಕಿಟ್ಟಳು. ಅದನ್ನು ನೋಡಿ ನನಗೆ ಬಂದ ಸಿಟ್ಟು ಭಾನುವಾರವೂ ಇಳಿಯಲಿಲ್ಲ. ಆ ದಿನ ಮನೆಯಲ್ಲಿ ಮಾಡಿದ ಸಾರಿಗೆ ಉಪ್ಪೇ ಹಾಕಿರಲಿಲ್ಲವೆಂದು ಯಜಮಾನರು ಆಮೇಲೆ ಹೇಳಿದರು. ತಿನ್ನುವಾಗ ಹೇಳಲು ಅವರಿಗೆ ಧೈರ್ಯ ಬರಲಿಲ್ಲವಂತೆ.

ಸೋಮವಾರ ನಾನೂ ನಾಗಕ್ಕನೂ ಎಲ್ಲರಿಗಿಂತ ಮೊದಲು ಬಂದೆವು. ನನ್ನ ಮೇಜಿನ ಒಂದು ಕಡೆ ಅವಳು ಹಿಡಿದಳು, ಇನ್ನೊಂದು ಕಡೆ ನಾನು. ಕಂಪ್ಯೂಟರು ಮತ್ತು ಉಳಿದಿದ್ದ ಒಂದೇ ಪರದೆಯ ಸಮೇತ ಅದನ್ನು ಆಚೆ ತುದಿಗೆ ಸಾಗಿಸಿದೆವು. ಇಬ್ಬರೂ ಒಂದೇ ಪರದೆಯ ಮುಂದೆ ಅಕ್ಕಪಕ್ಕ ನಿಂತೆವು. ಅಲ್ಲಿಗೆ ನನ್ನ ತುದಿ ಖಾಲಿಯಾಯಿತು. ಬಟ್ಟೆಯ ಸುರುಳಿ ಅಲ್ಲಿ ಒಂಟಿಯಾಗಿ ಬಿದ್ದಿತ್ತು.

ಪ್ರಶಾಂತ ಬಂದವನು ಟೇಬಲ್ಲಿನ ಆ ಖಾಲಿ ತುದಿಯಲ್ಲೇ ನಿಂತ. “ಇದೇನ್ರಿ ಇದು? ನೀವ್ಯಾಕ ಅಲ್ಲಿ?”

ನಾನು ಹತ್ತಿರ ಹೋಗಿ ಹೇಳಿದೆ, “ಪರದೆ ಒಂದೇ ಐತೆ. ಇಬ್ರು ನೋಡ್ಬೇಕು.”

“ಮತ್ತ ಈ ತುದಿ ಯಾರು ಹಿಡೀಬೇಕು?”

“ಸ್ಕ್ರೀನ್ ತಗಂಡೋದೋರು ಇಡೀಲಿ.”

ಮಷಿನ್ನುಗಳ ಹತ್ತಿರ ಕೂತಿದ್ದ ಹುಡುಗಿಯರ ಕೈ ನಿಂತಿತು. ಅವನ ಕಿವಿ ಕೆಂಪಾದವು. ಕೆಲಸದಿಂದ ತೆಗೆದರೂ ತೆಗೆಯಲಿ ಎಂದು ನಾನು ನಿಂತೇ ಇದ್ದೆ. ಅವನು ಅಂಗಿಯ ತೋಳು ಮಡಚಿ, ಬಟ್ಟೆಯ ತುದಿ ಹಿಡಿದ. ಅವನೂ ಟೈಲರ್ ಮೊಮ್ಮಗನೇ, ಹಠ ರಕ್ತದಲ್ಲಿದೆ. ಮಷಿನ್ನುಗಳು ಮತ್ತೆ ಶುರುವಾದವು.

ಮೊದಲ ಪದರ ಸರಿಯಾಗಿ ಬಂತು. ಆವತ್ತಿನದೂ ಮುಖಕ್ಕೆ ಮುಖದ ಲಾಟೇ. ನಾನು ನಾಗಕ್ಕನ ಪಕ್ಕದಿಂದ, “ಈಗ ತಿರುವಿ, ಮೊಕ ಕೆಳಗೆ,” ಎಂದೆ. ಬೇಕೆಂದೇ ಮೆಲ್ಲಗೆ ಹೇಳಿದೆನೇ? ಇಲ್ಲ. ದಿನಾ ನಾಗಕ್ಕನಿಗೆ ಕೂಗುವಷ್ಟೇ ಜೋರಾಗಿ ಕೂಗಿದೆ.

ಪ್ರಶಾಂತ ತಲೆಯಾಡಿಸಿದ. ಬಟ್ಟೆಯನ್ನು ಮುಖ ಮೇಲೆ ಮಾಡಿಯೇ ಹಾಸಿದ.

ಮತ್ತೆ ಕೂಗಿದೆ. ಮತ್ತೆ ತಲೆಯಾಡಿಸಿದ. ಮತ್ತೆ ಮುಖ ಮೇಲೆ. ಮೂರನೆಯ ಸಲ ನಾನು ಬಟ್ಟೆ ಬಿಟ್ಟು ಅವನ ಹತ್ತಿರ ನಡೆದು ಹೋದೆ.

“ಎಲ್ಲ ಎಡಗಾಲೇ ಆಯ್ತದೆ. ನಾನು ಏಳಿದ್ದು ಕೇಳಿಸ್ತಾ?”

“ಇಲ್ರಿ.”

“ಮತ್ಯಾಕೆ ತಲೆ ಆಡಿಸಿದ್ರಿ?”

ಅವನು ತನ್ನ ಮುಂದಿನ ಬಟ್ಟೆ ನೋಡಿದ, ಆಚೆ ತುದಿಯಲ್ಲಿ ತನಗೆ ಬೆನ್ನು ಹಾಕಿ ಕೂತಿದ್ದ ಪರದೆ ನೋಡಿದ, ಅದರ ಪಕ್ಕದಲ್ಲಿ ನಿಂತಿದ್ದ ನಾಗಕ್ಕನನ್ನು ನೋಡಿದ. ನಾಗಕ್ಕನಿಗೆ ನಮ್ಮ ಮಾತೊಂದೂ ಕೇಳಿಸಿರಲಿಲ್ಲ. ಆದರೆ ಅವನ ತಲೆಯಾಡಿಸುವಿಕೆಯನ್ನು ಅವಳು ನೋಡಿದ್ದಳು. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ತಲೆಯಾಡಿಸುವಿಕೆ. ಅವಳು ಟೇಬಲ್ಲಿಗೆ ಎರಡೂ ಕೈ ಊರಿ ನಕ್ಕಳು. ಈ ಸಲ ಎಲ್ಲರಿಗಿಂತ ಮೊದಲು ನಕ್ಕಳು. ಆಮೇಲೆ ಹುಡುಗಿಯರು ನಕ್ಕರು. ಕೊನೆಗೆ, ಚೂರು ತಡವಾಗಿ, ಪ್ರಶಾಂತನೂ ನಕ್ಕ.

ಊಟದ ಹೊತ್ತಾದ ಮೇಲೆ ಅವನೇ ಮಾನಿಟರ್ ಹೊತ್ತು ತಂದ. ನಮ್ಮ ಜೊತೆ ಕೈಹಾಕಿ ಮೇಜನ್ನು ಮತ್ತೆ ನನ್ನ ತುದಿಗೆ ಸಾಗಿಸಿ, ಸ್ಟೂಲು ಹುಡುಕಿ, ಮಾನಿಟರನ್ನು ಆಚೆ ತುದಿಯಲ್ಲಿ ಇಟ್ಟು, ನನ್ನನ್ನು ಕೇಳದೆ ಅದರ ಬೆನ್ನನ್ನು ನನ್ನ ಕಡೆಗೆ ತಿರುಗಿಸಿದ. ಸೋಮವಾರ, ಹಿಂದಿನ ಕೋಣೆ, ಯಾವ ಮಾತೂ ಮತ್ತೆ ಬರಲಿಲ್ಲ. ನಾನೂ ಥ್ಯಾಂಕ್ಸ್ ಹೇಳಲಿಲ್ಲ. ನಾಗಕ್ಕ ಮಾತ್ರ ಸಂಜೆ ಅವನಿಗೊಂದು ಟೀ ಹೆಚ್ಚಿಗೆ ಹಾಕಿಸಿದಳು.

ಈಗ ಬಂದವರಿಗೆಲ್ಲ ಅವನು ಆ ಪರದೆ ತೋರಿಸಿ, ಎರಡು ಸ್ಕ್ರೀನ್ ಹಾಕಿಸಿದ ಮೇಲೆ ಕೆಲಸ ಹೆಂಗ ನಡೀತೈತಿ ನೋಡ್ರಿ ಎನ್ನುತ್ತಾನೆ. ಹೇಳಿಕೊಳ್ಳಲಿ, ನಾನು ಹೂಂ ಎನ್ನುವುದಿಲ್ಲ. ಮೊನ್ನೆ ಹೊಸ ವಿಡಿಯೋ ನೋಡಿದನಂತೆ. ಮೂರು ಪರದೆ ಇದ್ದರೆ ಇನ್ನೂ ಒಳ್ಳೆಯದಂತೆ.

“ಮೂರನೇದು ತರ್ಲೇನ್ರಿ ಅಕ್ಕಾರ?” ಎಂದು ಹೆದರುತ್ತಾ ಕೇಳಿದ.

“ತರಪ್ಪ,” ಎಂದೆ.

ತರಲಿ. ಅದರ ಮುಖ ಯಾವ ಕಡೆಗೆ ಎಂದು ಆಗಲೇ ತೀರ್ಮಾನವಾಗಿದೆ. ಹಿಂದಿನ ಕೋಣೆಯಲ್ಲಿ ಹೆಂಗಸರು ಇನ್ನೂ ಗೋಡೆ ನೋಡಿಕೊಂಡೇ ಕೂತಿದ್ದಾರೆ. ಆ ಕೋಣೆಯವರೆಗೆ ವೈರು ಎಷ್ಟು ಉದ್ದ ಬೇಕಾದೀತು ಎಂದು ನೋಡಲು ನಿನ್ನೆ ಟೀ ಹೊತ್ತಿನಲ್ಲಿ ನಾಗಕ್ಕ ಒಂದು ಪಟ್ಟಿಬಟ್ಟೆಯ ತುದಿ ಹಿಡಿದು ಆ ಬಾಗಿಲಲ್ಲಿ ನಿಂತಳು, ನಾನು ಇನ್ನೊಂದು ತುದಿ ಹಿಡಿದು ನನ್ನ ಮೇಜಿನ ಹತ್ತಿರ ನಿಂತೆ. ಇಬ್ಬರೂ ಹಿಂದಕ್ಕೆ ವಾಲಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಿಗಿಯಾಗಿ ಎಳೆದು ಅಳತೆ ಹಿಡಿದಾಗಿದೆ.